ಎಳೆತದಿಂದ ಜಾರಿಕೆಗೆ: ‘ಟೊಬಾಗನ್’ ಪದದ ಚರಿತ್ರೆ ಮತ್ತು ಅರ್ಥಪಲ್ಲಟ

ಪದವೊಂದು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗುವಾಗ ಅದರ ಧ್ವನಿರೂಪವಷ್ಟೇ ಬದಲಾಗುವುದಿಲ್ಲ. ಅದನ್ನು ಕೊಟ್ಟ ಜನರ ದುಡಿಮೆ ಮತ್ತು ಪಡೆದ ಜನರ ಅಗತ್ಯ ಎರಡರ ಗುರುತೂ ಆ ಪದದ ಅರ್ಥದ ಮೇಲೆ ಉಳಿಯುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಗಳಿಂದ ಹೊರಟು ಫ್ರೆಂಚ್, ಇಂಗ್ಲಿಷ್ ಭಾಷೆಗಳ ಮೂಲಕ ಜಗತ್ತಿನ ಹಲವು ನುಡಿಗಳಿಗೆ ಹರಡಿದ ‘ಟೊಬಾಗನ್’ ಎಂಬ ಪದ ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಹಿಮದ ಮೇಲೆ ಸಾಗುವ ಒಂದು ಬಗೆಯ ಬಂಡಿಗೆ ಇದ್ದ ಈ ಹೆಸರು ಇಂದು ಸ್ಪೇನಿನ ಉದ್ಯಾನಗಳಲ್ಲಿ ಮಕ್ಕಳ ಜಾರುಬಂಡೆಗೂ, ಫ್ರಾನ್ಸಿನಲ್ಲಿ ವಿಮಾನದಿಂದ ತುರ್ತಾಗಿ ಇಳಿಯುವ ಜಾರುಹಾದಿಗೂ, ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಉಣ್ಣೆಯ ಟೋಪಿಗೂ ಸಲ್ಲುತ್ತದೆ. ಇಷ್ಟು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನ ಅಡಿಯಲ್ಲಿ ಬಂದುದು ಹೇಗೆ, ಈ ಪಯಣದಲ್ಲಿ ಪದ ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪದದ ಮೂಲ

‘ಟೊಬಾಗನ್’ ಅಲ್ಗಾಂಕಿಯನ್ ಭಾಷಾಕುಟುಂಬಕ್ಕೆ ಸೇರಿದ ಪದವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಟ್ಲಾಂಟಿಕ್ ಕರಾವಳಿಯಿಂದ ರಾಕಿ ಪರ್ವತಗಳ ಸೆರಗಿನವರೆಗೆ ಹಬ್ಬಿರುವ ಈ ಕುಟುಂಬದಲ್ಲಿ ಮಿಕ್‌ಮಾಕ್, ಅಬೆನಾಕಿ, ಒಜಿಬ್ವೆ, ಕ್ರೀ ಮೊದಲಾದ ಭಾಷೆಗಳಿವೆ. ಮಿಕ್‌ಮಾಕ್ ಭಾಷೆಯ ‘ತೆಪಗನ್’, ಅಬೆನಾಕಿಯ ‘ಒದಬೋಗನ್’, ಒಜಿಬ್ವೆಯ ‘ಒದಾಬಾನ್’, ಕ್ರೀ ಭಾಷೆಯ ‘ಒತಾಪಾನಾಸ್ಕ್’ ಇವು ಪರಸ್ಪರ ಜ್ಞಾತಿಪದಗಳು. ಇವುಗಳ ಒಡಲಲ್ಲಿರುವುದು ‘ಎಳೆ’ ಎಂಬ ಕ್ರಿಯೆಯನ್ನು ಸೂಚಿಸುವ ಧಾತು. ಮಿಕ್‌ಮಾಕ್, ಅಬೆನಾಕಿ ರೂಪಗಳ ಕೊನೆಯ ‘-ಗನ್’ ಸಾಧನವಾಚಿ ಪ್ರತ್ಯಯ. ಹೀಗಾಗಿ ಪದದ ಮೂಲಾರ್ಥ ‘ಎಳೆಯುವ ಸಾಧನ’ ಅಥವಾ ‘ಎಳೆದೊಯ್ಯುವ ವಸ್ತು’ ಎಂದಾಗುತ್ತದೆ. ಒಜಿಬ್ವೆ ಭಾಷೆಯಲ್ಲಿ ‘ಒದಾಬೀ’ ಎಂಬ ಕ್ರಿಯಾಪದಕ್ಕೆ ಹೊರೆಯನ್ನು ಎಳೆದು ಸಾಗಿಸು ಎಂಬ ಅರ್ಥ ಇಂದಿಗೂ ಇದೆ.

ಈ ಅಂಶವನ್ನು ಇಂಗ್ಲಿಷಿನ ಹಿಮವಾಹನವಾಚಕಗಳೊಡನೆ ಹೋಲಿಸಿದಾಗ ಒಂದು ಮಹತ್ವದ ಭೇದ ಕಾಣುತ್ತದೆ. ಇಂಗ್ಲಿಷಿನ ‘ಸ್ಲೆಡ್’, ‘ಸ್ಲೆಜ್’, ‘ಸ್ಲೇ’ ಎಂಬ ಮೂರು ಪದಗಳೂ ಡಚ್ ಮತ್ತು ಅದರ ನೆರೆಯ ಜರ್ಮಾನಿಕ್ ನುಡಿಗಳಿಂದ ಬಂದವು. ಅವೆಲ್ಲವೂ ‘ಜಾರು’ ಎಂಬರ್ಥದ ಧಾತುವಿನಿಂದ ಹುಟ್ಟಿವೆ. ಜರ್ಮಾನಿಕ್ ಭಾಷಿಕರು ಹಿಮಬಂಡಿಯನ್ನು ಅದರ ಚಲನೆಯ ಗುಣದಿಂದ ಗುರುತಿಸಿದರೆ, ಅಲ್ಗಾಂಕಿಯನ್ ಭಾಷಿಕರು ಅದನ್ನು ಚಲಿಸುವಂತೆ ಮಾಡುವ ದುಡಿಮೆಯಿಂದ ಗುರುತಿಸಿದರು. ಮೊದಲನೆಯದರಲ್ಲಿ ಬಂಡಿ ತಾನಾಗಿ ಜಾರುತ್ತದೆ; ಎರಡನೆಯದರಲ್ಲಿ ಬಂಡಿಯ ಮುಂದೆ ಹಗ್ಗ ಹಿಡಿದ ಒಬ್ಬ ವ್ಯಕ್ತಿ ಇದ್ದಾನೆ. ಟೊಬಾಗನ್ ಪದದ ಮುಂದಿನ ಇತಿಹಾಸವು ಬಹುಮಟ್ಟಿಗೆ ಈ ಎರಡನೆಯ ಅರ್ಥ ಅಳಿದು ಮೊದಲನೆಯ ಅರ್ಥ ಅದರ ಸ್ಥಾನದಲ್ಲಿ ಬಂದು ಕುಳಿತ ಇತಿಹಾಸವಾಗಿದೆ.

ಯುರೋಪಿಯನ್ನರ ಪೈಕಿ ಈ ಪದವನ್ನು ಮೊದಲು ಕೇಳಿ ಬರೆದುಕೊಂಡವರು ಫ್ರೆಂಚರು. ಗಾಸ್ಪೆ ಪ್ರದೇಶದ ಮಿಕ್‌ಮಾಕ್ ಜನರ ನಡುವೆ ಕೆಲಸಮಾಡಿದ ಪಾದ್ರಿ ಕ್ರೆತಿಯಾಂ ಲ ಕ್ಲರ್ಕ್ ೧೬೯೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ತಬಗಾನ್’ ಎಂಬ ರೂಪ ದೊರೆಯುತ್ತದೆ. ಇಂಗ್ಲಿಷಿನಲ್ಲಿ ಪದವು ೧೮೨೯ರಿಂದ ದಾಖಲಾಗಿದ್ದು, ಆರಂಭದಲ್ಲಿ ಅದರ ಕಾಗುಣಿತ ಬರೆಹಗಾರನಿಂದ ಬರೆಹಗಾರನಿಗೆ ಬೇರೆಯಾಗುತ್ತಿತ್ತು. ಟೊಬಾಗನ್ ಮೇಲೆ ಕುಳಿತು ಜಾರು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದ ೧೮೪೬ರ ಹೊತ್ತಿಗೆ ಬಳಕೆಗೆ ಬಂದಿತು. ಎಳೆಯುವುದನ್ನು ಹೇಳುತ್ತಿದ್ದ ನಾಮಪದದಿಂದ ಜಾರುವುದನ್ನು ಹೇಳುವ ಕ್ರಿಯಾಪದ ಹುಟ್ಟಲು ಹದಿನೇಳು ವರ್ಷಗಳು ಸಾಕಾದವು.

ವಸ್ತುವಿನ ಸ್ವರೂಪ

ಪದದ ಚರಿತ್ರೆಯನ್ನು ಅರಿಯಲು ವಸ್ತುವಿನ ರಚನೆಯನ್ನು ಅರಿಯುವುದು ಅವಶ್ಯಕ. ಸಾಂಪ್ರದಾಯಿಕ ಟೊಬಾಗನ್‌ಗೆ ಗಾಲಿಯೂ ಇಲ್ಲ, ಅಡಿಯಲ್ಲಿ ಜಾರುಪಟ್ಟಿಗಳೂ ಇಲ್ಲ. ಬರ್ಚ್ ಅಥವಾ ಲಾರ್ಚ್ ಮರದ ಎರಡು ಮೂರು ತೆಳು ಹಲಗೆಗಳನ್ನು ಒತ್ತಾಗಿ ಜೋಡಿಸಿ, ಅಡ್ಡಪಟ್ಟಿಗಳಿಗೆ ಹಸಿ ತೊಗಲಿನ ದಾರದಿಂದ ಬಿಗಿಯಲಾಗುತ್ತಿತ್ತು. ಹಲಗೆಗಳ ಮುಂತುದಿಯನ್ನು ಬಿಸಿಯಿಂದ ಮೆದುಗೊಳಿಸಿ ಮೇಲಕ್ಕೂ ಹಿಂದಕ್ಕೂ ಬಾಗಿಸಿ, ಆ ಬಾಗು ಸಡಿಲವಾಗದಂತೆ ದಾರದಿಂದ ಎಳೆದು ಕಟ್ಟುತ್ತಿದ್ದರು. ಅಗಲ ಒಂದರಿಂದ ಒಂದೂವರೆ ಅಡಿ. ಉದ್ದ ಆರರಿಂದ ಹನ್ನೆರಡು ಅಡಿಗಳವರೆಗೆ ಇರುತ್ತಿತ್ತು. ಚರ್ಮದಿಂದ ಮಾಡಿದ ಸರಳವಾದ ಎಳೆಹಾಸುಗಳೂ ಬಳಕೆಯಲ್ಲಿದ್ದವು.

ಈ ರಚನೆಗೆ ಕಾರಣ ಆ ನಾಡಿನ ಹಿಮದ ಗುಣ. ಗಾಳಿ ಹೊಗದ ದಟ್ಟ ಕಾಡುಗಳಲ್ಲಿ ಬೀಳುವ ಹಿಮ ಸಡಿಲವಾಗಿಯೂ ಆಳವಾಗಿಯೂ ಇರುತ್ತದೆ. ಅಂಥ ಹಿಮದಲ್ಲಿ ಕಿರಿದಾದ ಜಾರುಪಟ್ಟಿಗಳ ಮೇಲೆ ನಿಂತ ಬಂಡಿ ಹೂತುಹೋಗುತ್ತದೆ. ಚಪ್ಪಟೆ ಹಲಗೆಯಾದರೋ ಹೊರೆಯ ಭಾರವನ್ನು ತನ್ನ ಇಡೀ ಅಡಿಭಾಗಕ್ಕೆ ಹಂಚಿ ಹಿಮದ ಮೇಲೆಯೇ ಉಳಿಯುತ್ತದೆ. ಮುಂದೆ ಹಿಮಪಾದುಕೆ ತೊಟ್ಟು ನಡೆಯುವವರು ತುಳಿದು ಮಾಡಿದ ಜಾಡಿನಲ್ಲಿಯೇ ಹಿಂದಿನ ಟೊಬಾಗನ್ ಸಾಗಬೇಕಾದ್ದರಿಂದ ಅದರ ಅಗಲವೂ ಆ ಜಾಡಿಗೆ ತಕ್ಕಂತಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಗಾಳಿಯಿಂದ ಗಟ್ಟಿಯಾದ ಹಿಮ ಮತ್ತು ಹೆಪ್ಪುಗಟ್ಟಿದ ಕಡಲಿನ ಮೇಲೆ ಸಂಚರಿಸುವ ಇನುಇಟ್ ಜನರು ಎರಡು ಎತ್ತರದ ಜಾರುಪಟ್ಟಿಗಳುಳ್ಳ ‘ಕಮುಟಿಕ್’ ಎಂಬ ಬಂಡಿಯನ್ನು ರೂಪಿಸಿಕೊಂಡರು. ಎರಡೂ ತಂತಮ್ಮ ನೆಲಕ್ಕೆ ತಕ್ಕ ಉತ್ತರಗಳು. ಟೊಬಾಗನ್ ಅನ್ನು ಜಾರುಪಟ್ಟಿಯ ಬಂಡಿಯ ಅಪಕ್ವ ರೂಪವೆಂದು ಭಾವಿಸುವುದು ಆದ್ದರಿಂದ ಸರಿಯಲ್ಲ.

ಎಳೆದವರು ಯಾರು?

ಮೂಲತಃ ಟೊಬಾಗನ್ ಮನುಷ್ಯರು ಎಳೆಯುವ ಬಂಡಿ. ಎದೆಗೋ ಹಣೆಗೋ ಪಟ್ಟಿಯನ್ನು ಕೊಟ್ಟು, ಬೇಟೆಯ ಮಾಂಸ, ಗುಡಾರದ ಹೊದಿಕೆ, ಅಡುಗೆಯ ಪಾತ್ರೆ, ಎಳೆಯ ಮಕ್ಕಳು ಇವನ್ನೆಲ್ಲ ಒಂದು ಬೀಡಿನಿಂದ ಇನ್ನೊಂದು ಬೀಡಿಗೆ ಎಳೆದೊಯ್ಯುತ್ತಿದ್ದರು. ಈ ದುಡಿಮೆಯಲ್ಲಿ ಹೆಂಗಸರ ಪಾಲು ದೊಡ್ಡದಾಗಿತ್ತು. ಹಡ್ಸನ್ ಕೊಲ್ಲಿ ಕಂಪನಿಯ ಸೇವೆಯಲ್ಲಿದ್ದ ಸ್ಯಾಮ್ಯುಯೆಲ್ ಹರ್ನ್ ೧೭೭೦ರಿಂದ ೧೭೭೨ರವರೆಗೆ ಡೆನೆ ಜನಾಂಗದ ನಾಯಕ ಮಟೊನಬಿಯ ಜೊತೆ ಕಾಪರ್‌ಮೈನ್ ನದಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಿಬಂದನು. ಅವನ ಹಿಂದಿನ ಯತ್ನಗಳು ವಿಫಲವಾದುದಕ್ಕೆ ಜೊತೆಯಲ್ಲಿ ಹೆಂಗಸರನ್ನು ಕರೆದೊಯ್ಯದಿದ್ದುದೇ ಮುಖ್ಯ ಕಾರಣವೆಂದು ಮಟೊನಬಿ ವಿವರಿಸಿದನೆಂದೂ, ಒಬ್ಬ ಹೆಂಗಸು ಇಬ್ಬರು ಗಂಡಸರಷ್ಟು ಹೊರೆಯನ್ನು ಹೊರಬಲ್ಲಳು ಅಥವಾ ಎಳೆಯಬಲ್ಲಳು ಎಂಬುದು ಅವನ ಮಾತಾಗಿತ್ತೆಂದೂ ೧೭೯೫ರಲ್ಲಿ ಪ್ರಕಟವಾದ ಹರ್ನ್‌ನ ಪ್ರವಾಸಗ್ರಂಥ ಹೇಳುತ್ತದೆ. ಡೆನೆ ಜನರು ಅಲ್ಗಾಂಕಿಯನ್ ಭಾಷಿಕರಲ್ಲ. ಆದರೆ ಉತ್ತರದ ಕಾಡುಗಳ ಚಳಿಗಾಲದ ಸಂಚಾರವು ಯಾರ ಮೈಬಲದ ಮೇಲೆ ನಿಂತಿತ್ತೆಂಬುದಕ್ಕೆ ಈ ಹೇಳಿಕೆ ಸಾಕ್ಷಿಯಾಗಿದೆ. ಇದು ಒಬ್ಬ ಯುರೋಪಿಯನ್ನನ ಲೇಖನಿಯಿಂದ, ಒಬ್ಬ ಗಂಡಸಿನ ಬಾಯಿಂದ ಬಂದುದು. ಎಳೆದ ಹೆಂಗಸರ ಮಾತು ಆ ಗ್ರಂಥದಲ್ಲಿ ದಾಖಲಾಗಿಲ್ಲ ಎಂಬುದನ್ನೂ ಗಮನಿಸಬೇಕು.

ತುಪ್ಪುಳು ಚರ್ಮದ ವ್ಯಾಪಾರ ವಿಸ್ತರಿಸಿದಂತೆ ಟೊಬಾಗನ್ ವ್ಯಾಪಾರದ ವಾಹನವೂ ಆಯಿತು. ೧೬೭೦ರಲ್ಲಿ ಸ್ಥಾಪನೆಯಾದ ಹಡ್ಸನ್ ಕೊಲ್ಲಿ ಕಂಪನಿಯೂ ಅದರ ಪ್ರತಿಸ್ಪರ್ಧಿಗಳೂ ಬೇಸಿಗೆಯಲ್ಲಿ ಬರ್ಚ್ ತೊಗಟೆಯ ದೋಣಿಯನ್ನು ಅವಲಂಬಿಸಿದ್ದಂತೆ ಚಳಿಗಾಲದಲ್ಲಿ ಟೊಬಾಗನ್ ಅನ್ನು ಅವಲಂಬಿಸಿದ್ದರು. ಕಾಡಿನ ಇಕ್ಕಟ್ಟಿನ ಜಾಡಿಗೆ ಹೊಂದುವಂತೆ ನಾಯಿಗಳನ್ನು ಒಂದರ ಹಿಂದೊಂದರಂತೆ ಹೂಡಿ ಎಳೆಸುವ ಪದ್ಧತಿ ಬೆಳೆಯಿತು. ಪಕ್ಕಗಳಿಗೆ ತೊಗಲಿನ ಗೋಡೆ ಕಟ್ಟಿ ಅಧಿಕಾರಿಗಳು ಕುಳಿತು ಪ್ರಯಾಣಿಸುವ ‘ಕ್ಯಾರಿಯೋಲ್’ ಎಂಬ ರೂಪವೂ ಬಂದಿತು. ಕೆನಡದ ಫ್ರೆಂಚ್ ಭಾಷಿಕರು ಟೊಬಾಗನ್ ಅನ್ನು ‘ತ್ರೇನ್ ಸೊವಾಜ್’ ಎಂದೂ ಕರೆದರು. ‘ಕಾಡುಜನರ ಎಳೆಬಂಡಿ’ ಎಂಬುದು ಇದರ ಅರ್ಥ. ಈ ಹೆಸರಿನಲ್ಲಿ ಎಳೆಯುವ ಅರ್ಥವೂ ಮೂಲದ ಜನರ ನೆನಪೂ ಉಳಿದಿವೆ. ಅದರೊಡನೆ ಆ ಜನರ ಬಗೆಗಿದ್ದ ತಾತ್ಸಾರವೂ ಉಳಿದಿದೆ.

ದುಡಿಮೆಯಿಂದ ವಿನೋದಕ್ಕೆ

ಹತ್ತೊಂಬತ್ತನೆಯ ಶತಮಾನದಲ್ಲಿ ಟೊಬಾಗನ್‌ನ ಅರ್ಥಲೋಕದಲ್ಲಿ ನಿರ್ಣಾಯಕ ಬದಲಾವಣೆ ಸಂಭವಿಸಿತು. ಕ್ವಿಬೆಕ್, ಮಾಂಟ್ರಿಯಲ್ ನಗರಗಳಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಮತ್ತು ಸಿರಿವಂತ ನಿವಾಸಿಗಳು ಟೊಬಾಗನ್ ಮೇಲೆ ಕುಳಿತು ಇಳಿಜಾರಿನಲ್ಲಿ ಜಾರುವುದನ್ನು ಚಳಿಗಾಲದ ಆಟವನ್ನಾಗಿ ಮಾಡಿಕೊಂಡರು. ಕ್ವಿಬೆಕ್ ಬಳಿಯ ಮಾಂಟ್‌ಮರೆನ್ಸಿ ಜಲಪಾತದ ಬುಡದಲ್ಲಿ ತುಂತುರು ಹೆಪ್ಪುಗಟ್ಟಿ ಉಂಟಾಗುವ ಹಿಮದ ದಿಬ್ಬ ಈ ಆಟದ ಪ್ರಸಿದ್ಧ ತಾಣವಾಗಿತ್ತು. ೧೮೭೨ರಿಂದ ೧೮೭೮ರವರೆಗೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಫರಿನ್ ಆಟವಾದ ತನ್ನ ಅಧಿಕೃತ ನಿವಾಸದ ಆವರಣದಲ್ಲಿಯೇ ಮರದ ಜಾರುಹಾದಿಯನ್ನು ಕಟ್ಟಿಸಿದನು. ಮುಂದೆ ಭಾರತದ ವೈಸರಾಯ್ ಆಗಿ ಬಂದವನು ಇವನೇ. ಕ್ವಿಬೆಕ್ ನಗರದಲ್ಲಿ ಇವನ ಹೆಸರನ್ನು ಹೊತ್ತ ಜಗಲಿಯ ಮೇಲೆ ೧೮೮೪ರಲ್ಲಿ ನಿರ್ಮಾಣವಾದ ಜಾರುಹಾದಿ ಇಂದಿಗೂ ಚಳಿಗಾಲದ ಆಕರ್ಷಣೆಯಾಗಿದೆ. ಮಾಂಟ್ರಿಯಲ್‌ನಲ್ಲಿ ಟೊಬಾಗನ್ ಸಂಘಗಳು ಹುಟ್ಟಿದವು. ಕಂಬಳಿಯ ಕೋಟು ಮತ್ತು ಹೆಣೆದ ಟೋಪಿ ಸದಸ್ಯರ ಸಮವಸ್ತ್ರವಾಯಿತು.

೧೮೮೩ನೆಯ ವರ್ಷವು ಈ ಚರಿತ್ರೆಯಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಆ ವರ್ಷ ಮಾಂಟ್ರಿಯಲ್‌ನ ಮೊದಲ ಚಳಿಗಾಲದ ಉತ್ಸವ ನಡೆದು, ಟೊಬಾಗನ್ ಹೊಸ ಕೆನಡದ ಲಾಂಛನದಂತೆ ಮೆರೆಯಿತು. ಅದೇ ವರ್ಷ ಕೆನಡದ ಸರ್ಕಾರ ಪಶ್ಚಿಮದ ಪ್ರಾಂತಗಳಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಮೂರು ಕೈಗಾರಿಕಾ ವಸತಿಶಾಲೆಗಳನ್ನು ತೆರೆಯಲು ಅನುಮೋದನೆ ನೀಡಿತು. ಮಕ್ಕಳನ್ನು ತಾಯಿತಂದೆಯರಿಂದಲೂ ತಾಯ್ನುಡಿಯಿಂದಲೂ ದೂರವಿಡುವುದು ಈ ವ್ಯವಸ್ಥೆಯ ಉದ್ದೇಶವಾಗಿತ್ತು. ಒಂದು ಜನಾಂಗದ ಬಂಡಿಯನ್ನೂ ಅದರ ಹೆಸರನ್ನೂ ಸಂಭ್ರಮದಿಂದ ಸ್ವೀಕರಿಸಿದ ಸಮಾಜವೇ ಆ ಹೆಸರು ಹುಟ್ಟಿದ ಭಾಷೆಗಳನ್ನು ಮಕ್ಕಳ ನಾಲಿಗೆಯಿಂದ ಅಳಿಸಲು ತೊಡಗಿತು. ಎರಡು ಘಟನೆಗಳ ನಡುವೆ ನೇರವಾದ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಅವು ಒಂದೇ ಕಾಲಧರ್ಮದ ಎರಡು ಮುಖಗಳು ಎಂಬುದನ್ನು ಅಲ್ಲಗಳೆಯಲಾಗದು.

ಅರ್ಥದ ವಿಸ್ತಾರ

ಅದೇ ೧೮೮೩ರಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್‌ನಲ್ಲಿ ಅಂತರರಾಷ್ಟ್ರೀಯ ಜಾರುಬಂಡಿ ಪಂದ್ಯವೊಂದು ನಡೆಯಿತು. ಕ್ಷಯರೋಗದ ಚಿಕಿತ್ಸೆಗಾಗಿ ಅಲ್ಲಿ ನೆಲೆಸಿದ್ದ ಇಂಗ್ಲಿಷ್ ವಿದ್ವಾಂಸ ಜಾನ್ ಅಡಿಂಗ್ಟನ್ ಸಿಮಂಡ್ಸ್ ಅದರ ಹಿಂದಿನ ಪ್ರೇರಕ ಶಕ್ತಿಯಾಗಿದ್ದನು. ೧೮೮೪–೮೫ರ ಚಳಿಗಾಲದಲ್ಲಿ ಸೇಂಟ್ ಮೊರಿಟ್ಜ್‌ನ ಕ್ರೆಸ್ಟಾ ಹಾದಿ ನಿರ್ಮಾಣವಾಯಿತು. ೧೮೮೭ರಲ್ಲಿ ಅಲ್ಲಿ ಟೊಬಾಗನ್ ಸಂಘ ಸ್ಥಾಪನೆಗೊಂಡಿತು. ಇಲ್ಲಿ ಬಳಸಿದ ಬಂಡಿಗಳು ಆಲ್ಪ್ಸ್ ಪ್ರದೇಶದ ಜಾರುಪಟ್ಟಿಯ ಬಂಡಿಗಳೇ ಹೊರತು ಚಪ್ಪಟೆ ಹಲಗೆಯ ಟೊಬಾಗನ್‌ಗಳಲ್ಲ. ಆದರೂ ಇಂಗ್ಲಿಷರು ಅವನ್ನು ಟೊಬಾಗನ್ ಎಂದೇ ಕರೆದರು. ಹೀಗೆ ಪದವು ಮೊದಲು ತನ್ನ ಕ್ರಿಯೆಯಿಂದಲೂ ಅನಂತರ ತನ್ನ ಆಕಾರದಿಂದಲೂ ಬೇರ್ಪಟ್ಟಿತು. ಕೊನೆಗೆ ಉಳಿದುದು ‘ಮೇಲಿನಿಂದ ಕೆಳಕ್ಕೆ ವೇಗವಾಗಿ ಜಾರುವುದು’ ಎಂಬ ಒಂದೇ ಅರ್ಥಾಂಶ.

ಈ ಅರ್ಥಾಂಶವು ಹಿಮದ ಹಂಗನ್ನೂ ತೊರೆದಾಗ ಹೊಸ ಅರ್ಥಗಳು ಸಾಧ್ಯವಾದವು. ಫ್ರೆಂಚಿನ ‘ತೊಬೊಗಾಂ’, ಸ್ಪ್ಯಾನಿಷಿನ ‘ತೊಬೊಗಾನ್’ ಪದಗಳು ಮಕ್ಕಳು ಕುಳಿತು ಜಾರುವ ಇಳಿಜಾರು ಹಲಗೆಯನ್ನು ಹೆಸರಿಸತೊಡಗಿದವು. ಇಲ್ಲಿ ನಡೆದ ತಿರುವು ಕುತೂಹಲಕರವಾಗಿದೆ. ಮೊದಲು ಬಂಡಿ ಚಲಿಸುತ್ತಿತ್ತು, ನೆಲ ನಿಂತಿತ್ತು. ಈಗ ಟೊಬಾಗನ್ ಎಂಬುದು ನಿಂತಿದೆ, ಮಗು ಚಲಿಸುತ್ತದೆ. ವಾಹನದ ಹೆಸರು ಹಾದಿಯ ಹೆಸರಾಯಿತು. ಈಜುಕೊಳದ ಜಾರುಹಾದಿ, ವಿಮಾನದ ತುರ್ತು ನಿರ್ಗಮನದ ಜಾರುಹಾದಿ ಇವೂ ಫ್ರೆಂಚಿನಲ್ಲಿ ಇದೇ ಹೆಸರನ್ನು ಪಡೆದಿವೆ. ರಸ್ತೆಗಳು ಕೂಡುವೆಡೆಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸುವ ಲೋಹದ ಮೇಲ್ಸೇತುವೆಗೂ ಫ್ರಾನ್ಸಿನಲ್ಲಿ ಈ ಹೆಸರು ಸಂದಿತು. ಅಮೆರಿಕದಲ್ಲಿ ಟೊಬಾಗನ್ ಆಟಗಾರರ ಟೋಪಿಯು ‘ಟೊಬಾಗನ್ ಟೋಪಿ’ ಎನಿಸಿ, ೧೯೨೦ರ ದಶಕದ ಕೊನೆಯ ಹೊತ್ತಿಗೆ ಉತ್ತರಪದ ಲೋಪವಾಗಿ ‘ಟೊಬಾಗನ್’ ಎಂದರೆ ಟೋಪಿಯೇ ಆಯಿತು. ಹಿಮ ಅಪರೂಪವಾಗಿರುವ ದಕ್ಷಿಣದ ಪ್ರಾಂತಗಳಲ್ಲಿ ಈ ಅರ್ಥ ಗಟ್ಟಿಯಾಗಿ ನೆಲೆಗೊಂಡಿದೆ.

ಈ ಎಲ್ಲ ಅರ್ಥಗಳ ನಡುವೆ ಮೂಲದ ನೆನಪನ್ನು ಉಳಿಸಿಕೊಂಡಿರುವ ಬಳಕೆಗಳೂ ಇವೆ. ಹಿಮಕ್ರೀಡಾ ತಾಣಗಳಲ್ಲಿ ಗಾಯಗೊಂಡವರನ್ನು ಸಾಗಿಸುವ ಬಂಡಿಗೆ ಟೊಬಾಗನ್ ಎಂಬ ಹೆಸರಿದೆ. ಅಮೆರಿಕದ ವಿಸ್ಕಾನ್ಸಿನ್‌ನ ಕಾರ್ಲ್ ಎಲಿಯಾಸನ್ ೧೯೨೪ರಲ್ಲಿ ಉದ್ದನೆಯ ಟೊಬಾಗನ್‌ಗೆ ಎಂಜಿನ್ ಜೋಡಿಸಿ, ೧೯೨೭ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ‘ಮೋಟಾರ್ ಟೊಬಾಗನ್’ ಎಂದು ಹೆಸರಾದ ಈ ಯಂತ್ರದಲ್ಲಿ ಪದವು ಮತ್ತೆ ಸಮತಟ್ಟಾದ ನೆಲಕ್ಕೂ ಹೊರೆ ಸಾಗಿಸುವ ಕೆಲಸಕ್ಕೂ ಮರಳಿತು. ೧೯೫೯ರಲ್ಲಿ ಕ್ವಿಬೆಕ್‌ನ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ ಮಾರುಕಟ್ಟೆಗೆ ತಂದ ‘ಸ್ಕಿ-ಡೂ’ ಎಂಬ ಹಗುರ ವಾಹನವು ಉತ್ತರದ ಬೇಟೆಗಾರರ ಬದುಕನ್ನೇ ಮಾರ್ಪಡಿಸಿತು. ಅದರ ವ್ಯಾಪಾರನಾಮವು ಇನುಇಟ್ ಭಾಷೆಗೆ ಸಾಮಾನ್ಯ ನಾಮವಾಗಿ ಸೇರಿತು. ಒಂದು ಕಾಲಕ್ಕೆ ಹಿಮವಾಹನದ ಪದವನ್ನು ಜಗತ್ತಿಗೆ ಕೊಟ್ಟ ಉತ್ತರದ ನಾಡು ಈಗ ಹಿಮವಾಹನದ ಪದವನ್ನು ಕಾರ್ಖಾನೆಯಿಂದ ಪಡೆಯುವಂತಾಯಿತು.

ತವರಿನಲ್ಲಿ ಪದದ ಬೆಳವಣಿಗೆ

ಪದದ ಪರದೇಶ ಸಂಚಾರವನ್ನಷ್ಟೇ ನೋಡುವವರು ಅದು ತವರಿನಲ್ಲಿ ಏನಾಯಿತೆಂಬುದನ್ನು ಮರೆಯುವುದುಂಟು. ಅಲ್ಗಾಂಕಿಯನ್ ಭಾಷೆಗಳಲ್ಲಿ ಈ ಪದ ಹಿಮದೊಡನೆ ಹೆಪ್ಪುಗಟ್ಟಿ ನಿಲ್ಲಲಿಲ್ಲ. ಒಜಿಬ್ವೆಯ ‘ಒದಾಬಾನ್’ ಹಿಮಬಂಡಿಯಿಂದ ಗಾಲಿಯ ಬಂಡಿಗೂ, ಗಾಲಿಯ ಬಂಡಿಯಿಂದ ಮೋಟಾರು ಕಾರಿಗೂ ವಿಸ್ತರಿಸಿತು. ಮಿಕ್‌ಮಾಕ್ ಭಾಷೆಯ ‘ತೆಪಗನ್’ ಕೂಡ ಇಂದು ವಾಹನ ಎಂಬ ಸಾಮಾನ್ಯಾರ್ಥವನ್ನು ಪಡೆದಿದೆ. ರೈಲು ಬಂದಾಗ ಒಜಿಬ್ವೆ ಜನರು ‘ಬೆಂಕಿ’ ಎಂಬರ್ಥದ ‘ಇಶ್ಕೊದೆ’ಯನ್ನು ಸೇರಿಸಿ ‘ಇಶ್ಕೊದೆದಾಬಾನ್’ ಎಂದರು. ಹಳೆಯ ಚಪ್ಪಟೆ ಬಂಡಿಯನ್ನು ಬೇರೆಯಾಗಿ ಸೂಚಿಸಬೇಕಾದಾಗ ‘ಚಪ್ಪಟೆ’ ಎಂಬ ವಿಶೇಷಣವನ್ನು ಸೇರಿಸಿ ‘ನಬಗಿದಾಬಾನ್’ ಎಂದರು. ಮೊದಲು ವಿಶೇಷಣ ಬೇಡದಿದ್ದ ಮೂಲವಸ್ತುವಿಗೆ ಈಗ ವಿಶೇಷಣ ಬೇಕಾಯಿತು. ಒಜಿಬ್ವೆ ವ್ಯಾಕರಣದಲ್ಲಿ ನಾಮಪದಗಳು ಚೇತನ, ಅಚೇತನ ಎಂದು ಎರಡು ವರ್ಗಗಳಾಗಿದ್ದು, ‘ಒದಾಬಾನ್’ ಚೇತನವರ್ಗಕ್ಕೆ ಸೇರುತ್ತದೆ. ಈ ವರ್ಗೀಕರಣ ಮೂಲತಃ ವ್ಯಾಕರಣದ್ದು. ಅದರಿಂದ ನೇರವಾಗಿ ನಂಬಿಕೆಗಳನ್ನು ಊಹಿಸುವುದು ಉಚಿತವಲ್ಲ.

ಕನ್ನಡದ ಓದುಗರಿಗೆ ಈ ಬೆಳವಣಿಗೆ ಅಪರಿಚಿತವೆನಿಸದು. ತಮಿಳಿನ ‘ವಂಡಿ’, ತೆಲುಗಿನ ‘ಬಂಡಿ’ಗಳೊಡನೆ ಸಂಬಂಧವುಳ್ಳ ನಮ್ಮ ‘ಬಂಡಿ’ ಎತ್ತಿನ ಬಂಡಿಯಾಗಿದ್ದುದು, ೧೮೬೪ರಲ್ಲಿ ಬೆಂಗಳೂರಿಗೆ ರೈಲು ಬಂದಂದಿನಿಂದ ಈಚೆಗೆ ಉಗಿಬಂಡಿ, ಹೊಗೆಬಂಡಿ, ರೈಲುಬಂಡಿ ಎನಿಸಿತು. ಇಂದು ಮೋಟಾರು ಸೈಕಲನ್ನೂ ಕಾರನ್ನೂ ಜನರು ‘ಗಾಡಿ’ ಎಂದೇ ಕರೆಯುತ್ತಾರೆ. ಒಜಿಬ್ವೆಯವರು ಬೆಂಕಿಯನ್ನು ಕಂಡಲ್ಲಿ ಕನ್ನಡಿಗರು ಉಗಿಯನ್ನೂ ಹೊಗೆಯನ್ನೂ ಕಂಡರು; ಎರಡೂ ಕಡೆ ಹೊಸ ಯಂತ್ರವನ್ನು ಹಳೆಯ ಬಂಡಿಯ ಪಂಕ್ತಿಯಲ್ಲಿ ಕೂರಿಸಿಕೊಂಡ ಕ್ರಮ ಒಂದೇ. ಇದಕ್ಕೆ ಎದುರಾದ ಪ್ರವೃತ್ತಿಯೂ ಕನ್ನಡದಲ್ಲಿದೆ. ಹಿಮದ ಮೇಲೆ ಸಾಗುವ ಬಂಡಿಯನ್ನು ಕನ್ನಡದಲ್ಲಿ ‘ಜಾರುಬಂಡಿ’ ಎನ್ನುವುದುಂಟು. ಉದ್ಯಾನದಲ್ಲಿ ಮಕ್ಕಳು ಜಾರುವ ಸಾಧನವನ್ನು ‘ಜಾರುಬಂಡೆ’ ಎಂದೂ, ‘ಜಾರುಬಂಡಿ’ ಎಂದೂ ಕರೆಯುವ ರೂಢಿಯಿದೆ. ಬಂಡೆಗಲ್ಲಿನ ಮೇಲೆ ಜಾರುವ ಆಟದ ಹೆಸರು ಮತ್ತು ಹಿಮವಾಹನದ ಹೆಸರು ಒಂದರೊಳಗೊಂದು ಬೆರೆತಿರುವ ಈ ಸ್ಥಿತಿಯು ಸ್ಪ್ಯಾನಿಷಿನಲ್ಲಿ ಟೊಬಾಗನ್ ಪದಕ್ಕೆ ಒದಗಿದ ಸ್ಥಿತಿಯನ್ನೇ ಹೋಲುತ್ತದೆ. ಹಿಮದ ಅನುಭವವಿಲ್ಲದ ನಾಡು ಹಿಮಬಂಡಿಯನ್ನು ಕಲ್ಪಿಸಿಕೊಳ್ಳುವಾಗ ಎಳೆತವನ್ನಲ್ಲದೆ ಜಾರಿಕೆಯನ್ನೇ ಮೊದಲು ಕಾಣುವುದು ಸಹಜವೇ ಆಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಟೊಬಾಗನ್ ಪದವು ಎರಡು ಚರಿತ್ರೆಗಳನ್ನು ಹೊಂದಿದೆ. ಪಡೆದ ಭಾಷೆಗಳಲ್ಲಿ ಅದು ಮೊದಲು ಒಂದು ನಿರ್ದಿಷ್ಟ ವಸ್ತುವಿಗೆ ಸೀಮಿತಗೊಂಡು, ಅನಂತರ ಜಾರುವಿಕೆಯ ಅರ್ಥದ ಬೆನ್ನು ಹಿಡಿದು ಹಿಮವಿಲ್ಲದ ಕಡೆಗೂ ವ್ಯಾಪಿಸಿತು. ಕೊಟ್ಟ ಭಾಷೆಗಳಲ್ಲಿ ಅದು ಎಳೆಯುವ, ಸಾಗಿಸುವ ಅರ್ಥಕ್ಕೆ ನಿಷ್ಠವಾಗಿದ್ದುಕೊಂಡೇ ರೈಲನ್ನೂ ಕಾರನ್ನೂ ಒಳಗೊಂಡಿತು. ಮೊದಲನೆಯದು ನಿಘಂಟುಗಳಲ್ಲಿ ವಿಸ್ತಾರವಾಗಿ ದಾಖಲಾಗಿದೆ. ಎರಡನೆಯದು ಇಂಗ್ಲಿಷ್ ನಿಘಂಟಿನ ವ್ಯುತ್ಪತ್ತಿ ಭಾಗದಲ್ಲಿ ‘ಅಲ್ಗಾಂಕಿಯನ್ ಮೂಲದ್ದು’ ಎಂಬ ಒಂದು ಸಾಲಿನೊಳಗೆ ಅಡಗಿಹೋಗುತ್ತದೆ. ಆ ಸಾಲನ್ನು ಓದುವವರಿಗೆ ಮೂಲಪದ ಎಂದೋ ಸತ್ತು ಹೋದ ಪಳೆಯುಳಿಕೆಯೆಂಬ ಭಾವನೆ ಬರುವುದು ಸಾಧ್ಯ. ವಾಸ್ತವದಲ್ಲಿ ಅದು ಇಂದಿಗೂ ಜನರು ತಮ್ಮ ಮನೆಯ ಮುಂದೆ ನಿಲ್ಲಿಸಿದ ಕಾರನ್ನು ಕರೆಯುವ ಪದ.

ಆ ಪದವನ್ನು ಆಡುವವರು ಉಳಿದುಬಂದ ಬಗೆ ಸುಲಭದ್ದಾಗಿರಲಿಲ್ಲ. ಕೆನಡದ ವಸತಿಶಾಲೆಗಳಲ್ಲಿ ಒಂದು ಲಕ್ಷ ಐವತ್ತು ಸಾವಿರಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು ಸೇರಿಸಲ್ಪಟ್ಟರು. ತಾಯ್ನುಡಿ ಆಡಿದ್ದಕ್ಕಾಗಿ ಅನೇಕರು ಶಿಕ್ಷೆ ಅನುಭವಿಸಿದರು. ಈ ಸಂಗತಿಗಳನ್ನು ಆ ದೇಶದ ಸತ್ಯ ಮತ್ತು ಸಂಧಾನ ಆಯೋಗ ೨೦೧೫ರ ತನ್ನ ವರದಿಯಲ್ಲಿ ದಾಖಲಿಸಿದೆ. ೨೦೧೯ರಲ್ಲಿ ಕೆನಡದ ಸಂಸತ್ತು ಮೂಲನಿವಾಸಿ ಭಾಷೆಗಳ ಕಾಯಿದೆಯನ್ನು ಅಂಗೀಕರಿಸಿತು. ೨೦೨೨ರಲ್ಲಿ ನೋವಾ ಸ್ಕೋಷಾ ಪ್ರಾಂತ ಮಿಕ್‌ಮಾಕ್ ಭಾಷೆಯನ್ನು ತನ್ನ ನೆಲದ ಮೊದಲ ಭಾಷೆಯೆಂದು ಶಾಸನದ ಮೂಲಕ ಮಾನ್ಯಮಾಡಿತು. ಪದವೊಂದನ್ನು ಎರವಲು ಪಡೆಯುವುದು ಭಾಷೆಗೆ ಗೌರವ ತೋರಿದಂತಲ್ಲ ಎಂಬುದಕ್ಕೆ ಟೊಬಾಗನ್ ಪದದ ನಡುಗಾಲದ ಚರಿತ್ರೆ ಸಾಕ್ಷಿಯಾಗಿದೆ. ಎರವಲು ಕೊಟ್ಟ ಭಾಷೆ ತನ್ನ ಮಕ್ಕಳ ಬಾಯಲ್ಲಿ ಬದುಕಿರುವುದು ಮಾತ್ರ ಅಂಥ ಗೌರವದ ಅಳತೆಗೋಲಾಗಬಲ್ಲದು. ಎಳೆದವರ ಹೆಸರುಗಳು ದಾಖಲೆಗಳಲ್ಲಿ ಉಳಿದಿಲ್ಲ. ‘ಎಳೆ’ ಎಂಬ ಧಾತು ಮಾತ್ರ ಅವರ ಭಾಷೆಗಳಲ್ಲಿ ಉಳಿದಿದೆ. ಪದಚರಿತ್ರೆಯ ಅಧ್ಯಯನವು ಆ ಧಾತುವನ್ನು ಮತ್ತೆ ಕಾಣಿಸುವುದರ ಮೂಲಕ, ಜಾರುವ ಆಟದ ಹಿಂದೆ ಮರೆಯಾದ ಆ ದುಡಿಮೆಯನ್ನು ಚರಿತ್ರೆಯ ಗಮನಕ್ಕೆ ತರುತ್ತದೆ.